ಕಚೇರಿಯ ಇಂಟರ್ನೆಟ್, ಮನೆಯ ಕೆಲಸ

ಕಚೇರಿಯ ಸಾಧನವನ್ನು ಮನೆಯ ಕೆಲಸಕ್ಕೆ ಬಳಸುವ ರೂಢಿ ಇಂಟರ್ನೆಟ್‌ಗಿಂತ ಹಳೆಯದು. 1980ರ ದಶಕದ ಬೆಂಗಳೂರಿನಲ್ಲಿ ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೆಚ್ಚಾಗಿ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಫೋನ್ ಇರುತ್ತಿತ್ತು. ಊರಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, ತಂಗಿಗೆ ಗಂಡು ಗೊತ್ತಾದರೆ ಸುದ್ದಿ ಬರುತ್ತಿದ್ದದ್ದು ಕಚೇರಿಯ ನಂಬರಿಗೆ. ಹಲವು ಕಡೆ ಕಪ್ಪು ಫೋನಿನ ಡಯಲ್‌ನ ತೂತಿಗೆ ಪುಟ್ಟ ಬೀಗ ಹಾಕಿರುತ್ತಿದ್ದರು. ಬಂದ ಕರೆಗೆ ಅಡ್ಡಿಯಿಲ್ಲ, ಹೋಗುವ ಕರೆಗೆ ಮಾತ್ರ ಕೀಲಿಕೈ ಇಟ್ಟುಕೊಂಡವರ ಅಪ್ಪಣೆ ಬೇಕು.

ಕಂಪ್ಯೂಟರ್ ಜಾಲವೂ ಇದೇ ದಾರಿಯಲ್ಲಿ, ಮೊದಲು ಕೆಲಸದ ಜಾಗಕ್ಕೇ ಬಂತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕ ಇಟ್ಟುಕೊಂಡಿತ್ತು. 1986ರಲ್ಲಿ ಶುರುವಾದ, ಶಿಕ್ಷಣ-ಸಂಶೋಧನಾ ಸಂಸ್ಥೆಗಳ ಜಾಲವಾದ ಅರ್ನೆಟ್ ಯೋಜನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಸಾರ್ವಜನಿಕರಿಗೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಡಲು ಆರಂಭಿಸಿದ್ದು 1995ರ ಆಗಸ್ಟ್ 15ರಂದು, ಅದೂ ಮೊದಲಿಗೆ ಕೆಲವೇ ಮಹಾನಗರಗಳಲ್ಲಿ. ಮನೆಯಲ್ಲಿ ಮೋಡೆಮ್ ಇದ್ದವರೂ ಎರಡು ಲೆಕ್ಕ ನೋಡಿಕೊಳ್ಳಬೇಕಿತ್ತು: ಇಂಟರ್ನೆಟ್‌ನ ಗಂಟೆಗಳು ಒಂದು, ಫೋನ್ ಬಿಲ್ಲು ಇನ್ನೊಂದು. ಕನೆಕ್ಷನ್ ನಡೆಯುವಷ್ಟು ಹೊತ್ತು ಮನೆಯ ಫೋನ್ ಎಂಗೇಜ್. ಕಚೇರಿಯ ಲೀಸ್ಡ್ ಲೈನ್ ಮಾತ್ರ ದಿನವಿಡೀ ತೆರೆದೇ ಇರುತ್ತಿತ್ತು, ಬಳಸುವವರ ಜೇಬಿನಿಂದ ಕಾಸೂ ಹೋಗುತ್ತಿರಲಿಲ್ಲ. ಅಮೆರಿಕದಲ್ಲಿದ್ದ ಅಣ್ಣನಿಗೆ ಬೆಂಗಳೂರಿನ ತಮ್ಮ ತನ್ನ ಕಚೇರಿಯಿಂದಲೇ ಇ-ಮೇಲ್ ಬರೆದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಈ ರೂಢಿಯಿಂದ ದೊಡ್ಡ ಉದ್ಯಮಗಳೇ ಹುಟ್ಟಿವೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಹೊಸ ಉದ್ಯಮದ ಯೋಚನೆಯಲ್ಲಿದ್ದರು. ಅದರ ಬಗ್ಗೆ ಪರಸ್ಪರ ಬರೆದುಕೊಳ್ಳಲು ಕಂಪನಿಯ ಮೇಲ್ ಬಳಸಿದರೆ ಮೇಲಿನವರು ಓದಿಬಿಡುವ ಭಯ. ಸ್ವಂತ ಖಾತೆ ತೆರೆಯಲು ಹೋದರೆ ಕಂಪನಿಯ ಫೈರ್‌ವಾಲ್ ಅಡ್ಡ. ಯಾವ ಕಂಪ್ಯೂಟರಿನ ಬ್ರೌಸರಿನಲ್ಲಾದರೂ ತೆರೆಯಬಲ್ಲ ಮೇಲ್ ಇದ್ದರೆ ಎರಡೂ ತೊಡಕು ತಪ್ಪುತ್ತವೆ ಎಂಬುದು ಅವರಿಗೆ ಹೊಳೆದದ್ದು ಹಾಗೆ. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಕೋಟ್ಯಂತರ ಜನ ಬಳಸಿದ ಒಂದು ಸೇವೆ ಕಚೇರಿಯಲ್ಲಿ ಕೂತು ಖಾಸಗಿ ಪತ್ರ ಬರೆಯುವ ಅಗತ್ಯದಿಂದ ಹುಟ್ಟಿತು ಎಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು. ಉದ್ಯೋಗ ತಾಣ ನೌಕರಿ ಡಾಟ್ ಕಾಮ್‌ನ ಮೂಲವೂ ಕಚೇರಿಯೇ. ವಾಣಿಜ್ಯ ಪತ್ರಿಕೆ ಬಂದೊಡನೆ ಸಹೋದ್ಯೋಗಿಗಳು ಕೆಲಸದ ಜಾಹೀರಾತುಗಳಿಗಾಗಿ ಅದನ್ನು ಹಿಂದಿನ ಪುಟದಿಂದ ಓದುತ್ತಿದ್ದುದನ್ನು ಅದರ ಸ್ಥಾಪಕ ಸಂಜೀವ್ ಬಿಖ್‌ಚಂದಾನಿ ಗಮನಿಸಿದ್ದರು. 1997ರಲ್ಲಿ ಆ ಜಾಹೀರಾತುಗಳನ್ನೇ ಇಂಟರ್ನೆಟ್‌ಗೆ ತಂದರು.

ನೌಕರರು ಸೋಮಾರಿಗಳು ಎಂಬ ವಿವರಣೆ ಸುಲಭ, ಆದರೆ ಸಾಲದು. ಬದುಕಿಗೆ ಬೇಕಾದ ಕಚೇರಿಗಳೆಲ್ಲ ನೌಕರರ ಕಚೇರಿ ನಡೆಯುವ ಹೊತ್ತಿನಲ್ಲೇ ತೆರೆದಿರುತ್ತವೆ ಎಂಬುದನ್ನು ಆ ವಿವರಣೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರೆಂಟ್ ಬಿಲ್ಲು ಕಟ್ಟಲು, ಬ್ಯಾಂಕಿನಿಂದ ಡಿಡಿ ತೆಗೆಸಲು, ರೈಲ್ವೆ ರಿಸರ್ವೇಷನ್ ಕೌಂಟರಿನ ಸಾಲಿನಲ್ಲಿ ನಿಲ್ಲಲು ಹಿಂದಿನ ನೌಕರರು ಅರ್ಧ ದಿನ ರಜೆ ಹಾಕುತ್ತಿದ್ದರು ಅಥವಾ ಪರ್ಮಿಷನ್ ಕೇಳುತ್ತಿದ್ದರು. 2002ರಲ್ಲಿ ರೈಲ್ವೆಯ ಐಆರ್‌ಸಿಟಿಸಿ ಆನ್‌ಲೈನ್ ಟಿಕೆಟ್ ಕೊಡಲು ಶುರುಮಾಡಿದ ಮೇಲೆ ಆ ಸಾಲು ಕಚೇರಿಯ ಮೇಜಿನ ಮೇಲೆಯೇ ಬಂದು ನಿಂತಿತು. 2015ರಿಂದ ತತ್ಕಾಲ್ ಬುಕಿಂಗ್ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ದೀಪಾವಳಿಗೆ ಊರಿಗೆ ಹೊರಡುವ ಮುನ್ನಾದಿನ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಲಾಗಿನ್ ಆಗಿ, ಮನೆಯವರ ಹೆಸರು, ವಯಸ್ಸು ತುಂಬಿಟ್ಟು, ಹಣ ಕಟ್ಟುವ ಪುಟ ತೆರೆಯುವಷ್ಟರಲ್ಲಿ ಸೀಟುಗಳು ವೇಟಿಂಗ್ ಲಿಸ್ಟಿಗೆ ಹೋಗಿರುತ್ತವೆ. ಷೇರುಪೇಟೆಯ ವಹಿವಾಟೂ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಕ್ರಿಕೆಟ್ ಟೆಸ್ಟ್ ಪಂದ್ಯದ ಐದು ದಿನಗಳಲ್ಲಿ ಹೆಚ್ಚಿನವು ಕೆಲಸದ ದಿನಗಳೇ.

ಸಾಫ್ಟ್‌ವೇರ್ ಕೆಲಸದ ರೀತಿಯೂ ಈ ರೂಢಿಗೆ ಎಡೆ ಮಾಡಿಕೊಟ್ಟಿತು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಬೆಂಚಿನಲ್ಲಿರುವವರಿಗೆ ಹಾಜರಾತಿ ಇರುತ್ತದೆ, ಕೈತುಂಬ ಕೆಲಸ ಇರುವುದಿಲ್ಲ. ಪ್ರಾಜೆಕ್ಟಿನಲ್ಲಿರುವವರಿಗೆ ಅಮೆರಿಕದ ಗ್ರಾಹಕರ ಜೊತೆ ಮಾತು ರಾತ್ರಿ ಒಂಬತ್ತಕ್ಕೆ. ರಾತ್ರಿಯ ಹೊತ್ತನ್ನು ಕಂಪನಿ ತೆಗೆದುಕೊಂಡ ಮೇಲೆ ಹಗಲಿನ ಹತ್ತು ನಿಮಿಷ ತಮ್ಮದು ಎಂದು ನೌಕರರು ಭಾವಿಸುವುದು ಸಹಜ, ನ್ಯಾಯವೂ ಹೌದು. ಸಿಂಗಪುರದ ಸಂಶೋಧಕಿ ವಿವಿಯನ್ ಲಿಮ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಜಮಾ-ಖರ್ಚಿನ ಮನೋಭಾವವೇ ಕಾಣಿಸಿತು: ಸಂಸ್ಥೆ ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡಿಲ್ಲ ಎಂದುಕೊಂಡವರು, ತಾವು ಹೆಚ್ಚಿಗೆ ದುಡಿದದ್ದನ್ನು ಜಮಾ ಹಿಡಿದು, ಇಂಟರ್ನೆಟ್‌ನಲ್ಲಿ ಕಳೆದ ಹೊತ್ತನ್ನು ಸಮರ್ಥಿಸಿಕೊಳ್ಳುತ್ತಿದ್ದರು.

2004ರಲ್ಲಿ ಸಾಮಾಜಿಕ ಜಾಲತಾಣ ಆರ್ಕುಟ್ ಬಂದು ಜನಪ್ರಿಯವಾದ ಮೇಲೆ ಕಂಪನಿಗಳ ಕಾವಲು ಬಿಗಿಯಾಯಿತು. ವೈರಸ್, ಗ್ರಾಹಕರ ಗುಟ್ಟಿನ ಸೋರಿಕೆ, ಲೈನಿನ ಮೇಲಿನ ಹೊರೆ, ಇವು ಕಂಪನಿಗಳ ನಿಜವಾದ ಆತಂಕಗಳೇ ಆಗಿದ್ದವು. ಸೈಟುಗಳನ್ನು ಬ್ಲಾಕ್ ಮಾಡಿದರು. ಅದನ್ನು ದಾಟಲು ನೌಕರರು ಪ್ರಾಕ್ಸಿ ಹುಡುಕಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಈ ಎಳೆದಾಟದ ಬಹುಭಾಗ ತಾನಾಗಿಯೇ ನಿಂತಿತು. ಖಾಸಗಿ ಕೆಲಸ ಸ್ವಂತ ಫೋನಿಗೆ ಹೋಯಿತು.

ಆ ಹೊತ್ತಿಗೆ ಕಂಪನಿಗಳ ಕಾವಲಿನ ವಿಷಯ ನ್ಯಾಯಾಲಯಕ್ಕೂ ಹೋಗಿತ್ತು. ರೊಮೇನಿಯಾದ ಒಬ್ಬ ಎಂಜಿನಿಯರು ಕೆಲಸಕ್ಕೆಂದು ತೆರೆದ ಯಾಹೂ ಮೆಸೆಂಜರ್ ಖಾತೆಯಲ್ಲಿ ತಮ್ಮವರ ಜೊತೆ ಮಾತಾಡಿದ್ದಕ್ಕೆ 2007ರಲ್ಲಿ ಕೆಲಸ ಕಳೆದುಕೊಂಡಿದ್ದರು. ಅವರ ಖಾಸಗಿತನಕ್ಕೆ ತಕ್ಕ ರಕ್ಷಣೆ ಸಿಗಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಸೆಪ್ಟೆಂಬರ್ 5ರಂದು ತೀರ್ಪು ಕೊಟ್ಟಿತು. ಅದಕ್ಕೆ ಹನ್ನೆರಡು ದಿನ ಮೊದಲು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತ್ತು.

2020ರ ಮಾರ್ಚಿನ ಲಾಕ್‌ಡೌನ್ ಕಚೇರಿಯನ್ನೇ ಮನೆಗೆ ಕಳಿಸಿತು. ಈಗ ಮನೆಯ ಇಂಟರ್ನೆಟ್ ಬಿಲ್ಲು ಕಟ್ಟಿ ಕಂಪನಿಯ ಕೆಲಸ ಮಾಡುವವರು ಬಹಳ ಜನ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಗಾ ಇಡುವ ತಂತ್ರಾಂಶವೂ ಅದರ ಜೊತೆಗೇ ಮನೆಯೊಳಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ಮತ್ತು ಸಂಸ್ಥೆಯನ್ನು ನಷ್ಟದಿಂದ ಕಾಪಾಡಲು ನೌಕರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆಯೂ ಬಳಸಲು ಮಾಲೀಕರಿಗೆ ಅವಕಾಶ ಇಟ್ಟಿದೆ.