ಮಸ್ಕೊವೈಟ್: ಮಾಸ್ಕೋ ಹೆಸರಿನ ಕಾಗೆಬಂಗಾರ ನಿಜಕ್ಕೂ ಮಾಸ್ಕೋದ್ದೇ?

ಹೊಳೆಯ ಮರಳಿನಲ್ಲಿ, ಗ್ರಾನೈಟ್ ಕಲ್ಲಿನ ಮೈಮೇಲೆ ಬಿಸಿಲಿಗೆ ಮಿನುಗುವ ತೆಳು ಚೂರುಗಳನ್ನು ನಾವೆಲ್ಲರೂ ನೋಡಿರುತ್ತೇವೆ. ಕನ್ನಡದಲ್ಲಿ ಇದಕ್ಕೆ ಕಾಗೆಬಂಗಾರ ಎನ್ನುತ್ತಾರೆ. ಪುಸ್ತಕಗಳಲ್ಲಿ ಬಳಸುವ ಹೆಸರು ಅಭ್ರಕ, ಅಂಗಡಿಯಲ್ಲಿ ಹೇಳುವುದು ಮೈಕಾ. ಅಭ್ರಕ ಎಂದರೆ ಒಂದೇ ಖನಿಜವಲ್ಲ, ಅದೊಂದು ಕುಟುಂಬ. ಆ ಕುಟುಂಬದಲ್ಲಿ ಹೆಚ್ಚು ಕಡಿಮೆ ಬಣ್ಣವಿಲ್ಲದ, ಗಾಜಿನಂತೆ ಬೆಳಕು ಬಿಡುವ ಖನಿಜದ ಹೆಸರು ಮಸ್ಕೊವೈಟ್.

ಇದೇ ಪದವನ್ನು ಇಂಗ್ಲಿಷಿನಲ್ಲಿ ಮಾಸ್ಕೋ ನಗರದ ನಿವಾಸಿಗಳಿಗೂ, ಕೆಲವು ಶತಮಾನಗಳ ಹಿಂದಿನ ರಷ್ಯನ್ನರಿಗೂ ಬಳಸುತ್ತಾರೆ. ಹಾಗಾಗಿ ಮಾಸ್ಕೋದಲ್ಲಿ ಈ ಖನಿಜ ಹೇರಳವಾಗಿ ಸಿಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಮಸ್ಕೊವೈಟ್ ಎಂಬ ಪ್ರತ್ಯೇಕ ಬುಡಕಟ್ಟು ಇತ್ತು ಎಂದುಕೊಳ್ಳುವವರೂ ಇದ್ದಾರೆ. ಎರಡೂ ಸರಿಯಲ್ಲ. ಕಲ್ಲಿಗೂ ಜನರಿಗೂ ಒಂದೇ ಹೆಸರು ಹೇಗೆ ಬಂತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಸ್ಕೊವೈಟ್ ಹಾಳೆ ಹಾಳೆಯಾಗಿ ಏಕೆ ಸೀಳುತ್ತದೆ?

ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಮತ್ತು ಜಲಜನಕ ಸೇರಿ ಮಸ್ಕೊವೈಟ್ ಆಗಿದೆ. ಇದರ ಗುಟ್ಟು ಈ ಧಾತುಗಳು ಜೋಡಣೆಯಾಗಿರುವ ರೀತಿಯಲ್ಲಿದೆ. ಸಿಲಿಕಾನ್ ಮತ್ತು ಆಮ್ಲಜನಕದ ಎರಡು ಪದರಗಳ ನಡುವೆ ಅಲ್ಯೂಮಿನಿಯಂ ಪದರವೊಂದು ಸ್ಯಾಂಡ್‌ವಿಚ್‌ನಂತೆ ಕೂತಿರುತ್ತದೆ. ಈ ಮೂರು ಪದರಗಳ ಬಂಧ ಬಹಳ ಗಟ್ಟಿ. ಆದರೆ ಒಂದು ಸ್ಯಾಂಡ್‌ವಿಚ್ಚಿಗೂ ಅದರ ಮೇಲಿನ ಸ್ಯಾಂಡ್‌ವಿಚ್ಚಿಗೂ ನಡುವೆ ಅಂಟಿನ ಕೆಲಸ ಮಾಡುವುದು ಪೊಟ್ಯಾಸಿಯಂ ಅಯಾನುಗಳು ಮಾತ್ರ, ಮತ್ತು ಆ ಹಿಡಿತ ಸಡಿಲ. ಚಾಕುವಿನ ತುದಿ ತಾಗಿಸಿದರೆ ಕಲ್ಲು ಅಲ್ಲೇ ಬಿಟ್ಟುಕೊಳ್ಳುತ್ತದೆ, ಈರುಳ್ಳಿಯ ಪದರ ಬಿಡಿಸಿದ ಹಾಗೆ.

ಇಂಥ ಒಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್. ಅಂದರೆ 1 ಮಿಲಿಮೀಟರ್ ದಪ್ಪದ ತುಂಡಿನಲ್ಲಿ ಸುಮಾರು 10 ಲಕ್ಷ ಪದರಗಳಿರುತ್ತವೆ! ಸೀಳಿದ ಹಾಳೆಯನ್ನು ಬಗ್ಗಿಸಿ ಬಿಟ್ಟರೆ ಮತ್ತೆ ನೇರವಾಗುತ್ತದೆ. ಗಾಜಿನಂತೆ ಚೂರುಚೂರಾಗಿ ಒಡೆಯುವುದಿಲ್ಲ. ಬೆಂಕಿ ಹತ್ತುವುದಿಲ್ಲ, ವಿದ್ಯುತ್ ಹರಿಯಲು ಬಿಡುವುದಿಲ್ಲ. ಆದರೆ ಹಾಳೆಯ ಮೈ ಮೆದು, ಉಗುರಿನಿಂದಲೂ ಗೀರು ಬೀಳಬಹುದು.

ಸಣ್ಣ ಚೂರುಗಳು ಎಲ್ಲೆಡೆ ಸಿಗುತ್ತವೆ. ಕಿಟಕಿಗೆ ಹಾಕುವಷ್ಟು ದೊಡ್ಡ ಹಾಳೆ ಸಿಗುವುದು ಪೆಗ್ಮಟೈಟ್ ಎಂಬ ಶಿಲೆಯಲ್ಲಿ ಮಾತ್ರ. ಭೂಮಿಯೊಳಗಿನ ಶಿಲಾರಸ ಗಟ್ಟಿಯಾಗುವ ಕೊನೆಯ ಹಂತದಲ್ಲಿ, ನೀರಿನಂಶ ಹೆಚ್ಚಿರುವ ದ್ರವ ಉಳಿಯುತ್ತದೆ. ಅಂಥ ದ್ರವದಲ್ಲಿ ಧಾತುಗಳು ಸುಲಭವಾಗಿ ಚಲಿಸುವುದರಿಂದ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ.

ಹೆಸರಿಗೆ ಮೊದಲು ಒಂದು ರಾಜ್ಯ

ಮಾಸ್ಕೋದ ಹೆಸರು ವೃತ್ತಾಂತಗಳಲ್ಲಿ ಮೊದಲು ಕಾಣಿಸುವುದು 1147ರಲ್ಲಿ. ಆಗ ಅದು ಕಾಡಿನ ನಡುವಿನ ಚಿಕ್ಕ ನೆಲೆ. ರುಸ್ ಜನರ ದೊಡ್ಡ ಕೇಂದ್ರ ಕೀವ್ ನಗರವಾಗಿತ್ತು. 1240ರಲ್ಲಿ ಮಂಗೋಲರ ದಾಳಿಗೆ ಕೀವ್ ಬಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಮಂಗೋಲ್ ಖಾನರಿಗೆ ಕಪ್ಪ ಕೊಡುತ್ತಲೇ ಮಾಸ್ಕೋದ ಅರಸರು ನೆರೆಯ ಸಂಸ್ಥಾನಗಳನ್ನು ಒಂದೊಂದಾಗಿ ಸೇರಿಸಿಕೊಂಡರು. ಮೂರನೇ ಇವಾನ್ 1478ರಲ್ಲಿ ನವ್‌ಗೊರೋಡ್ ಎಂಬ ಶ್ರೀಮಂತ ವ್ಯಾಪಾರಿ ರಾಜ್ಯವನ್ನು ವಶಪಡಿಸಿಕೊಂಡ. 1480ರ ಹೊತ್ತಿಗೆ ಮಂಗೋಲರ ಹಿಡಿತದಿಂದಲೂ ಹೊರಬಂದ. 1547ರಲ್ಲಿ ನಾಲ್ಕನೇ ಇವಾನ್ ತ್ಸಾರ್ ಎಂದು ಕಿರೀಟ ಧರಿಸಿದ.

ಈ ರಾಜ್ಯವನ್ನು ಪಶ್ಚಿಮ ಯುರೋಪಿನವರು ಲ್ಯಾಟಿನ್‌ನಲ್ಲಿ ಮಾಸ್ಕೋವಿಯಾ, ಇಂಗ್ಲಿಷಿನಲ್ಲಿ ಮಸ್ಕೊವಿ ಎಂದು ಕರೆದರು. ಅಲ್ಲಿನ ಜನ ಅವರ ಪಾಲಿಗೆ ಮಸ್ಕೊವೈಟರು. ಆದರೆ ಆ ಜನ ತಮ್ಮನ್ನು ಕರೆದುಕೊಂಡದ್ದು ರುಸ್ ನಾಡಿನವರು ಎಂದು. ಅವರ ಅರಸ ತನ್ನನ್ನು ‘ಸಮಸ್ತ ರುಸ್‌ನ ಒಡೆಯ’ ಎಂದುಕೊಳ್ಳುತ್ತಿದ್ದ.

ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ರುಸ್ ನಾಡಿನ ದೊಡ್ಡ ಭಾಗ, ಕೀವ್ ಕೂಡ, ಆಗ ಲಿಥುವೇನಿಯಾ ಮತ್ತು ಪೋಲೆಂಡ್ ಅರಸರ ಕೈಯಲ್ಲಿತ್ತು. ‘ಸಮಸ್ತ ರುಸ್’ ಎಂದರೆ ಆ ನೆಲದ ಮೇಲೂ ಹಕ್ಕು ಹೂಡಿದಂತೆ. ಅದನ್ನು ಒಪ್ಪದ ನೆರೆಯವರು ‘ನೀವು ಮಾಸ್ಕೋದವರು ಅಷ್ಟೇ’ ಎನ್ನುವಂತೆ ಮಸ್ಕೊವಿ ಎಂಬ ಹೆಸರನ್ನೇ ಬಳಸಿದರು. 1721ರಲ್ಲಿ ಮಹಾನ್ ಪೀಟರ್ ರಷ್ಯನ್ ಸಾಮ್ರಾಜ್ಯವನ್ನು ಘೋಷಿಸಿದ. ಕ್ರಮೇಣ ಮಸ್ಕೊವೈಟ್ ಎಂಬ ಪದದ ಅರ್ಥ ಮಾಸ್ಕೋ ನಗರದ ನಿವಾಸಿ ಎನ್ನುವಷ್ಟಕ್ಕೆ ಕಿರಿದಾಯಿತು. ಅದು ಬುಡಕಟ್ಟಿನ ಹೆಸರೂ ಅಲ್ಲ, ಬೇರೊಂದು ಜನಾಂಗದ ಹೆಸರೂ ಅಲ್ಲ. ಒಂದು ರಾಜ್ಯದ ಪ್ರಜೆಗಳಿಗೆ ಹೊರಗಿನವರು ಇಟ್ಟ ಹೆಸರು.

ಕಿಟಕಿಯಲ್ಲಿ ಕಲ್ಲು

1553ರಲ್ಲಿ ಇಂಗ್ಲೆಂಡಿನ ರಿಚರ್ಡ್ ಚಾನ್ಸಲರ್ ಚೀನಾಕ್ಕೆ ಉತ್ತರದ ಸಮುದ್ರಮಾರ್ಗ ಹುಡುಕುತ್ತಾ ಹೊರಟು ಬಿಳಿ ಸಮುದ್ರ ತಲುಪಿದ. ಅಲ್ಲಿಂದ ನೆಲದ ಮೇಲೆ ಮಾಸ್ಕೋಗೆ ಹೋಗಿ ನಾಲ್ಕನೇ ಇವಾನ್‌ನನ್ನು ಭೇಟಿಯಾದ. ಎರಡೇ ವರ್ಷದಲ್ಲಿ, 1555ರಲ್ಲಿ, ಲಂಡನ್ನಿನಲ್ಲಿ ಮಸ್ಕೊವಿ ಕಂಪನಿ ಶುರುವಾಯಿತು. ತುಪ್ಪಳ, ಮೇಣ, ಹಗ್ಗಗಳ ಜೊತೆಗೆ ಅಲ್ಲಿ ಕಂಡ ಒಂದು ವಿಚಿತ್ರ ವಸ್ತುವಿನ ಸುದ್ದಿಯೂ ಯುರೋಪಿಗೆ ಬಂತು. ಅದು ಕಿಟಕಿಗೆ ಹಾಕುವ ಪಾರದರ್ಶಕ ಕಲ್ಲು.

ರಷ್ಯನ್ ಭಾಷೆಯಲ್ಲಿ ಇದರ ಹೆಸರು ಸ್ಲ್ಯುದಾ. 1568ರಲ್ಲಿ ಇಂಗ್ಲಿಷ್ ರಾಯಭಾರಿಯ ಜೊತೆ ಮಾಸ್ಕೋಗೆ ಹೋಗಿದ್ದ ಕವಿ ಜಾರ್ಜ್ ಟರ್ಬರ್ವಿಲ್ ತನ್ನ ಪತ್ರಗಳಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. 1591ರಲ್ಲಿ ರಷ್ಯಾದ ಬಗ್ಗೆ ಪುಸ್ತಕ ಪ್ರಕಟಿಸಿದ ಜೈಲ್ಸ್ ಫ್ಲೆಚರ್ ಇನ್ನಷ್ಟು ವಿವರ ಕೊಡುತ್ತಾನೆ. ಕರೇಲಿಯಾದಲ್ಲಿ ಮತ್ತು ದ್ವಿನಾ ನದಿಯ ಆಸುಪಾಸಿನಲ್ಲಿ ಸಿಗುವ ಈ ಮೆದು ಕಲ್ಲನ್ನು ಜನ ಕತ್ತರಿಸಿ, ತೆಳುವಾಗಿ ಸೀಳಿ ಲಾಂದ್ರಗಳಿಗೆ ಬಳಸುತ್ತಾರೆ, ಅದು ಗಾಜಿನಂತೆ ಒಡೆಯುವುದಿಲ್ಲ, ಸುಡುವುದೂ ಇಲ್ಲ ಎಂದು ಅವನು ಬರೆದ.

ಕಡುಚಳಿಯ ನಾಡಿನಲ್ಲಿ ಗಾಳಿಯನ್ನು ತಡೆದು ಬೆಳಕನ್ನು ಒಳಬಿಡುವ ವಸ್ತುವಿಗೆ ಬೆಲೆ ಹೆಚ್ಚು. ಆಗ ಗಾಜು ದುಬಾರಿ, ದೂರದಿಂದ ಬರಬೇಕು, ದಾರಿಯಲ್ಲೇ ಒಡೆಯುತ್ತಿತ್ತು. ಬಡವರು ದನದ ಮೂತ್ರಕೋಶವನ್ನು ಹಿಗ್ಗಿಸಿ ಒಣಗಿಸಿದ ಪೊರೆಯನ್ನೋ ಎಣ್ಣೆ ಹಚ್ಚಿದ ಬಟ್ಟೆಯನ್ನೋ ಕಿಟಕಿಗೆ ಕಟ್ಟುತ್ತಿದ್ದರು. ಸ್ಲ್ಯುದಾ ಕೊಳ್ಳುವ ಶಕ್ತಿ ಇದ್ದದ್ದು ಅರಮನೆ, ಚರ್ಚು ಮತ್ತು ಶ್ರೀಮಂತರ ಮನೆಗಳಿಗೆ. ಸಣ್ಣ ಸಣ್ಣ ಹಾಳೆಗಳನ್ನು ಲೋಹದ ಪಟ್ಟಿಗಳಿಂದ ಜೋಡಿಸಿ ಒಂದು ಕಿಟಕಿ ಮಾಡುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಮಾಸ್ಕೋ ಇರುವುದು ಸುಣ್ಣಕಲ್ಲು, ಜೇಡಿಯಂಥ ಜಲಜ ಶಿಲೆಗಳ ಬಯಲಿನಲ್ಲಿ. ದೊಡ್ಡ ಅಭ್ರಕದ ಹಾಳೆ ಅಲ್ಲಿ ಸಿಗುವುದಿಲ್ಲ. ಅದು ಬಂದದ್ದು ನೂರಾರು ಕಿಲೋಮೀಟರ್ ಉತ್ತರದ ಬಿಳಿ ಸಮುದ್ರದ ಕರಾವಳಿಯಿಂದ. ಅಲ್ಲಿರುವುದು ನೂರು ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳು. ಆ ಪ್ರದೇಶ ಮೊದಲು ನವ್‌ಗೊರೋಡ್‌ಗೆ ಸೇರಿತ್ತು. ಮಾಸ್ಕೋ ನವ್‌ಗೊರೋಡನ್ನು ಗೆದ್ದದ್ದರಿಂದಲೇ ಆ ಕಲ್ಲು ಮಸ್ಕೊವಿಯ ಸರಕಾಯಿತು.

ಯುರೋಪಿನ ವ್ಯಾಪಾರಿಗಳು ಅದನ್ನು ಮಸ್ಕೊವಿ ಗಾಜು ಎಂದರು. 1747ರಲ್ಲಿ ಸ್ವೀಡನ್ನಿನ ವಿಜ್ಞಾನಿ ವಾಲೆರಿಯಸ್ ಲ್ಯಾಟಿನ್‌ನಲ್ಲಿ ಅದೇ ಅರ್ಥದ ಹೆಸರು ಬಳಸಿದ. 1850ರಲ್ಲಿ ಅಮೆರಿಕದ ಖನಿಜವಿಜ್ಞಾನಿ ಜೇಮ್ಸ್ ಡ್ವೈಟ್ ಡೇನಾ ಅದನ್ನು ಮಸ್ಕೊವೈಟ್ ಎಂದು ಚುಟುಕು ಮಾಡಿದ. ಅಷ್ಟು ಹೊತ್ತಿಗೆ ಮಸ್ಕೊವಿ ಎಂಬ ರಾಜ್ಯವೇ ಹೆಸರು ಬದಲಿಸಿಕೊಂಡು ಒಂದು ಶತಮಾನ ದಾಟಿತ್ತು. ಅಗ್ಗದ ಗಾಜು ಬಂದು ಅಭ್ರಕದ ಕಿಟಕಿಗಳೂ ಮೂಲೆ ಸೇರಿದ್ದವು.

ಸರಕಿಗೆ ಬೆಳೆದ ಜಾಗದ ಬದಲು ಅದನ್ನು ಮಾರಿದ ಜಾಗದ ಹೆಸರು ಅಂಟಿಕೊಳ್ಳುವುದು ಹೊಸದೇನಲ್ಲ. ಯೆಮನ್‌ನ ಬೆಟ್ಟಗಳಲ್ಲಿ ಬೆಳೆದ ಕಾಫಿ ಮೋಕಾ ಬಂದರಿನಿಂದ ಹಡಗು ಹತ್ತಿದ್ದಕ್ಕೆ ಮೋಕಾ ಕಾಫಿಯಾಯಿತು. ನಮ್ಮ ಬಾಬಾ ಬುಡನ್ ಕಾಫಿ ಬೀಜ ತಂದದ್ದೂ ಅಲ್ಲಿಂದಲೇ ಎಂಬ ಪ್ರತೀತಿ ಇದೆ.

ಕೆಲವು ತಪ್ಪು ಕಲ್ಪನೆಗಳು

ಮಸ್ಕೊವಿ ಎಂದಿದ್ದರೆ ಅದು ಮಾಸ್ಕೋದ್ದು: ಅಲ್ಲ. ಮಸ್ಕೊವಿ ಬಾತುಕೋಳಿಯ ಮೂಲ ಅಮೆರಿಕ ಖಂಡ. ಮಸ್ಕೊವಾಡೋ ಎಂಬ ಕಂದು ಸಕ್ಕರೆಯ ಹೆಸರು ಬಂದದ್ದು ಪೋರ್ಚುಗೀಸ್ ಭಾಷೆಯಿಂದ, ಅದಕ್ಕೂ ಮಾಸ್ಕೋಗೂ ಸಂಬಂಧವಿಲ್ಲ.

ಕಾಗೆಬಂಗಾರ ಇರುವಲ್ಲಿ ಬಂಗಾರ ಇರುತ್ತದೆ: ಅಭ್ರಕ ಬಹಳ ಸಾಮಾನ್ಯವಾದ ಖನಿಜ. ಅದರ ಹೊಳಪು ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಬರುತ್ತದೆ. ಬಂಗಾರವನ್ನು ಬಡಿದರೆ ತಗಡಾಗುತ್ತದೆ, ಅಭ್ರಕ ಪುಡಿಯಾಗಿ ಉದುರುತ್ತದೆ.

ಮೈಕ್ರೋವೇವ್ ಒವನ್ ಒಳಗಿನ ರಟ್ಟು ಪ್ಯಾಕಿಂಗ್‌ನದು: ಒಳಗೋಡೆಯಲ್ಲಿ ಕಾಣುವ, ರಟ್ಟಿನಂತಿರುವ ಹಾಳೆ ಬಹುತೇಕ ಅಭ್ರಕದ್ದೇ. ಮೈಕ್ರೋವೇವ್ ತರಂಗಗಳು ಅದರ ಮೂಲಕ ಹಾದುಬರುತ್ತವೆ, ಎಣ್ಣೆ ಮತ್ತು ಹಬೆ ಒಳಹೋಗುವುದಿಲ್ಲ. ಅದನ್ನು ಕಿತ್ತು ಎಸೆಯಬೇಡಿ. ಸುಟ್ಟು ಕಪ್ಪಾಗಿದ್ದರೆ ಒವನ್ ಬಳಸುವುದನ್ನು ನಿಲ್ಲಿಸಿ ಹೊಸದು ಹಾಕಿಸಿ.

ಅಭ್ರಕವನ್ನು ಅರೆದು ತಿಂದರೆ ಔಷಧ: ಇದು ಅಪಾಯಕಾರಿ ತಿಳುವಳಿಕೆ. ಆಯುರ್ವೇದದ ಅಭ್ರಕ ಭಸ್ಮಕ್ಕೂ ಸಾಮಾನ್ಯವಾಗಿ ಹೇಳುವುದು ಕಪ್ಪು ಅಭ್ರಕವನ್ನು, ಮಸ್ಕೊವೈಟನ್ನಲ್ಲ. ಮನೆಯಲ್ಲಿ ಕಲ್ಲು ಪುಡಿ ಮಾಡುವ ಪ್ರಯೋಗ ಬೇಡ. ಅಭ್ರಕದ ನುಣುಪಾದ ದೂಳನ್ನು ವರ್ಷಗಟ್ಟಲೆ ಉಸಿರಾಡುವ ಕಾರ್ಮಿಕರ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತದೆ. ದೂಳಿನಲ್ಲಿ ಬೆಣಚುಕಲ್ಲಿನ ಪುಡಿ ಸೇರಿದ್ದರೆ ಸಿಲಿಕೋಸಿಸ್ ಕೂಡ ಬರಬಹುದು.

ಇಂದಿನ ಮಸ್ಕೊವೈಟ್ ಎಲ್ಲಿಂದ ಬರುತ್ತದೆ?

20ನೇ ಶತಮಾನದಲ್ಲಿ ವಿದ್ಯುತ್ ಉಪಕರಣಗಳಿಗೆ ಶಾಖ ತಡೆಯುವ ನಿರೋಧಕ ಬೇಕಾದಾಗ ಮಸ್ಕೊವೈಟ್‌ಗೆ ಮತ್ತೆ ಬೇಡಿಕೆ ಬಂತು. ರೇಡಿಯೊ ಮತ್ತು ವಿಮಾನಗಳಿಗೆ ಬೇಕಾದ ಒಳ್ಳೆಯ ಹಾಳೆಗಳ ಪ್ರಮುಖ ಮೂಲ ಆಗ ಭಾರತ. ಇಂದಿನ ಜಾರ್ಖಂಡ್‌ನ ಕೊಡರ್ಮಾ, ಗಿರಿಡೀಹ್, ಬಿಹಾರದ ಕೆಲವು ಭಾಗ, ಆಂಧ್ರದ ನೆಲ್ಲೂರು ಮತ್ತು ರಾಜಸ್ಥಾನದ ಗಣಿಗಳು ಹೆಸರಾಗಿದ್ದವು. ಕೃತಕ ನಿರೋಧಕಗಳು ಬಂದ ಮೇಲೆ ದೊಡ್ಡ ಹಾಳೆಯ ಬೇಡಿಕೆ ಕುಸಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕಾಡಿನೊಳಗಿನ ಅನೇಕ ಗಣಿಗಳು ಮುಚ್ಚಿದವು.

ಆದರೆ ಚೂರುಗಳ ಬೇಡಿಕೆ ನಿಲ್ಲಲಿಲ್ಲ. ಬಣ್ಣ, ಪ್ಲಾಸ್ಟಿಕ್, ಕಾರಿನ ಪೇಂಟ್, ಐಶ್ಯಾಡೋ, ಲಿಪ್‌ಸ್ಟಿಕ್‌ಗಳಲ್ಲಿ ಮುತ್ತಿನಂಥ ಹೊಳಪು ಬರುವುದು ಅಭ್ರಕದ ಪುಡಿಯಿಂದ. ಜಾರ್ಖಂಡ್‌ನಲ್ಲಿ ಈ ಚೂರುಗಳನ್ನು ಢಿಬ್ರಾ ಎನ್ನುತ್ತಾರೆ. ಮುಚ್ಚಿದ ಗಣಿಗಳ ಬಿಲಗಳಿಗೆ ಇಳಿದು ಢಿಬ್ರಾ ಆರಿಸುವವರಲ್ಲಿ ಮಕ್ಕಳೂ ಇದ್ದಾರೆ. ಮಣ್ಣು ಕುಸಿದು ಸಾವು ಸಂಭವಿಸಿದರೂ ಗಣಿಗಾರಿಕೆಯೇ ಅಕ್ರಮವಾದ್ದರಿಂದ ಅನೇಕ ಕುಟುಂಬಗಳು ದೂರು ಕೊಡುವುದಿಲ್ಲ. 2016ರಲ್ಲಿ ಪತ್ರಕರ್ತರ ತನಿಖೆಯಿಂದ ಇದು ಜಗತ್ತಿನ ಗಮನಕ್ಕೆ ಬಂತು. 2017ರಲ್ಲಿ ಅಭ್ರಕ ಬಳಸುವ ಕಂಪನಿಗಳು ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡವು. ಬಾಲಕಾರ್ಮಿಕರಿಲ್ಲದ ಪೂರೈಕೆ ಅದರ ಗುರಿ. ಕೆಲವು ಕಂಪನಿಗಳು ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಅಭ್ರಕಕ್ಕೆ ಹೊರಳಿವೆ. ಅಂಥ ಉತ್ಪನ್ನದ ಲೇಬಲ್‌ನಲ್ಲಿ ‘ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್’ ಎಂದಿರುತ್ತದೆ. ನೈಸರ್ಗಿಕವಾದರೆ ಬರೀ ‘ಮೈಕಾ’ ಅಥವಾ ‘ಸಿಐ 77019’.

ಕೃತಕ ಅಭ್ರಕ ಕೊಂಡರೆ ಎಲ್ಲ ಸರಿಯಾಯಿತು ಎಂದೂ ಹೇಳುವಂತಿಲ್ಲ. ಢಿಬ್ರಾ ಬಿಟ್ಟರೆ ಬೇರೆ ದುಡಿಮೆಯೇ ಇಲ್ಲದ ಮನೆಗಳು ಅಲ್ಲಿವೆ. ಕಾನೂನುಬದ್ಧ ಗಣಿ, ನ್ಯಾಯವಾದ ಕೂಲಿ, ಹತ್ತಿರದಲ್ಲೊಂದು ಶಾಲೆ ಮೂರೂ ಸೇರಿದರೆ ಮಾತ್ರ ಮಕ್ಕಳು ಬಿಲದಿಂದ ಹೊರಬರುತ್ತಾರೆ.

ಬಿಳಿ ಸಮುದ್ರದ ದಡದಲ್ಲಿ ಕಲ್ಲು ಸೀಳಿದವರ ಹೆಸರು ಮಸ್ಕೊವೈಟ್ ಎಂಬ ಪದದಲ್ಲಿ ಇಲ್ಲ, ಮಾರಿದ ರಾಜ್ಯದ ಹೆಸರು ಮಾತ್ರ ಉಳಿದಿದೆ. ಇಂದಿನ ಲೇಬಲ್‌ನಲ್ಲೂ ಬ್ರಾಂಡಿನ ಹೆಸರು ಇರುತ್ತದೆ, ಕೊಡರ್ಮಾದ ಹೆಸರು ಇರುವುದಿಲ್ಲ. ಹೊಳೆಯುವ ವಸ್ತು ಕೊಳ್ಳುವಾಗ ಅದರಲ್ಲಿನ ಅಭ್ರಕ ಎಲ್ಲಿಯದು ಎಂದು ಕಂಪನಿಯನ್ನು ಕೇಳುವ ಹಕ್ಕು ಗ್ರಾಹಕರಾದ ನಮಗಿದೆ. ಕೇಳೋಣ.