200 ಕಾರಿನ ಲೆಕ್ಕ, ಕಾರ್ಸಿಕಾದ ತಿರುವು

ಇವತ್ತು ಫ್ರಾನ್ಸಿನ ಕಾರ್ಸಿಕಾ ದ್ವೀಪದ ರ‍್ಯಾಲಿ, ಟೂರ್ ದ ಕೋರ್ಸ್ ಬಗ್ಗೆ. 1956ರಲ್ಲಿ ಶುರುವಾದದ್ದು. ಹತ್ತು ಸಾವಿರ ತಿರುವುಗಳ ರ‍್ಯಾಲಿ ಅಂತಲೇ ಹೆಸರು. ಕಿರಿದಾದ ಡಾಂಬರು ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ.

ಈ ರಸ್ತೆಗೆ 80ರ ದಶಕದಲ್ಲಿ ಗ್ರೂಪ್ ಬಿ ಕಾರುಗಳು ಬಂದವು. ಹೇಗೆ ಅಂದ್ರೆ, ಒಂದು ಲೆಕ್ಕದಿಂದ. ಗ್ರೂಪ್ ಎ ವಿಭಾಗಕ್ಕೆ ಕಂಪನಿ 5,000 ಕಾರು ತಯಾರಿಸಿರಬೇಕಿತ್ತು. ಗ್ರೂಪ್ ಬಿಗೆ 200 ಸಾಕು. ಜನ ಕೊಳ್ಳೋ ಮಾಮೂಲಿ ಕಾರಿಗೂ ರೇಸಿನ ಕಾರಿಗೂ ಹೆಚ್ಚು ಸಂಬಂಧ ಬೇಕಾಗಿರಲಿಲ್ಲ! ಲ್ಯಾನ್ಸಿಯಾ ಡೆಲ್ಟಾ ಎಸ್4 ಹೆಸರಿಗಷ್ಟೇ ಡೆಲ್ಟಾ. ಎಂಜಿನ್ ಸೀಟಿನ ಹಿಂದೆ, ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ.

1985ರ ಮೇ 2ರಂದು ಇಲ್ಲೇ ಲ್ಯಾನ್ಸಿಯಾ ತಂಡದ ಅಟಿಲಿಯೊ ಬೆಟೆಗಾ ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ, 1986ರ ಮೇ 2ರಂದು, ಎಲ್ಲರಿಗಿಂತ ಮುಂದಿದ್ದ ಹೆನ್ರಿ ಟೋಯ್ವೊನೆನ್ ಅವರ ಎಸ್4 ತಡೆಗೋಡೆ ಇಲ್ಲದ ಎಡತಿರುವಿನಲ್ಲಿ ಕೆಳಗುರುಳಿತು. ಟ್ಯಾಂಕ್ ಒಡೆದು ಬೆಂಕಿ ಹತ್ತಿತು. ಅವರೂ ಇಲ್ಲ, ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅವರೂ ಇಲ್ಲ. ಉಳಿದದ್ದು ಸುಟ್ಟ ಚೌಕಟ್ಟು.

ಜ್ವರದಲ್ಲಿ ಓಡಿಸ್ತಿದ್ರು, ಅದಕ್ಕೇ ಹಾಗಾಯ್ತು ಅಂತಾರೆ. ಇರಬಹುದು. ಆದ್ರೆ ಟ್ಯಾಂಕನ್ನು ಸೀಟಿನ ಕೆಳಗೆ ಇಟ್ಟವರು ಅವರಲ್ವಲ್ಲ.

ಕೆಲವೇ ಗಂಟೆಗಳಲ್ಲಿ ಮೋಟಾರು ಕ್ರೀಡಾ ಒಕ್ಕೂಟದ ಅಧ್ಯಕ್ಷ ಬಾಲೆಸ್ಟ್ರ 1987ರಿಂದ ಗ್ರೂಪ್ ಬಿ ನಿಷೇಧ ಅಂತ ಘೋಷಿಸಿದರು. ರ‍್ಯಾಲಿ ಮಾತ್ರ ನಿಲ್ಲಲಿಲ್ಲ. ಗೆದ್ದದ್ದು ಪ್ಯೂಜೊದ ಬ್ರೂನೊ ಸಾಬಿ, ಅದೂ ಗ್ರೂಪ್ ಬಿ ಕಾರಿನಲ್ಲೇ.