‘ಜನಕ್ಕೆ ಅರ್ಥ ಆಗಲ್ಲ’ ಅನ್ನೋರು ಹೆಗ್ಗೋಡಿನ ಕಥೆ ಕೇಳಬೇಕು

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದು ನೋಡಿದರೆ ಮೊಬೈಲಿನಲ್ಲಿ ಒಂದೇ ನಂಬರಿನಿಂದ ನಾಲ್ಕು ಮಿಸ್ಡ್ ಕಾಲ್. ವಾಪಸ್ ಮಾಡಿದೆ. ಆ ಕಡೆ ಒಬ್ಬ ಹುಡುಗ. ಅವರ ಊರಿನಲ್ಲಿ ಹುಡುಗರೇ ಸೇರಿ ಒಂದು ಗ್ರಂಥಾಲಯ ನಡೆಸ್ತಾರಂತೆ. ಯಾರೋ ಪುಣ್ಯಾತ್ಮರು ಹಳೇ ಪ್ರೊಜೆಕ್ಟರ್ ಒಂದನ್ನು ಕೊಟ್ಟಿದ್ದಾರೆ. ತಿಂಗಳಿಗೊಂದು ಶನಿವಾರ ಅಲ್ಲೇ ಹೊರದೇಶದ ಸಿನಿಮಾ ತೋರಿಸಬೇಕು, ಜಪಾನಿನದು, ಇಟಲಿಯದು, ಇರಾನಿನದು, ಅಂತ ಅವರ ಆಸೆ. ಆದರೆ ಊರಿನ ಹಿರಿಯರೊಬ್ಬರು, “ಇದೆಲ್ಲ ಬೆಂಗಳೂರಿನವರ ಶೋಕಿ ಕಣ್ರೋ, ನಮ್ಮ ಜನಕ್ಕೆ ಅರ್ಥ ಆಗಲ್ಲ” ಅಂದುಬಿಟ್ಟಿದ್ದಾರೆ.

“ಸಾರ್, ನೀವೇನಂತೀರಿ?” ಅಂತ ಹುಡುಗ ಕೇಳಿದ.

ನಾನು ಏನಂದೆ ಗೊತ್ತಾ? “ಯೋಚನೆ ಮಾಡಿ ಹೇಳ್ತೀನಪ್ಪ” ಅಂದೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಯಾಕಂದ್ರೆ ಆ ಹಿರಿಯರ ಮಾತು ನನಗೆ ಹೊಸದಲ್ಲ. ನಮ್ಮ ನ್ಯೂಸ್ ರೂಮಿನಲ್ಲಿ ಅದನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಬರಗಾಲದ ಬಗ್ಗೆ ಅರ್ಧ ಗಂಟೆ ಮಾಡೋಣ ಅಂದರೆ, “ಜನ ನೋಡಲ್ಲ ಸಾರ್.” ಪಕ್ಕದ ದೇಶದ ಚುನಾವಣೆ ಬಗ್ಗೆ ಹೇಳೋಣ ಅಂದರೆ, “ಜನಕ್ಕೆ ಅರ್ಥ ಆಗಲ್ಲ ಸಾರ್.” ಸುಳ್ಳು ಯಾಕೆ ಹೇಳಲಿ, ಎಷ್ಟೋ ಸಲ ನಾನೇ ಹೀಗೆ ಅಂದಿದ್ದೇನೆ. ಹಾಗಾದರೆ ಈ ಮಾತು ನಿಜವಾ? ಇದಕ್ಕೆ ನಮ್ಮ ನೆಲದಲ್ಲೇ ಒಂದು ಉತ್ತರ ಇದೆ. ಅದನ್ನು ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1947. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಕಲ್ಕತ್ತಾದಲ್ಲಿ ಕೆಲವು ಗೆಳೆಯರು ಸೇರಿ ಒಂದು ಫಿಲ್ಮ್ ಸೊಸೈಟಿ ಕಟ್ಟಿದರು. ಅವರಲ್ಲಿ ಒಬ್ಬರು ಚಿದಾನಂದ ದಾಸ್‌ಗುಪ್ತ. ಇನ್ನೊಬ್ಬರು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದ ತರುಣ, ಸತ್ಯಜಿತ್ ರೇ. ಥಿಯೇಟರಿಗೆ ಬಾರದ ಹೊರದೇಶದ ಸಿನಿಮಾಗಳನ್ನು ತರಿಸೋದು, ನೋಡೋದು, ಆಮೇಲೆ ಕೂತು ಜಗಳದ ಮಟ್ಟಕ್ಕೆ ಚರ್ಚೆ ಮಾಡೋದು. ಇಷ್ಟೇ ಕೆಲಸ. 1952ರಲ್ಲಿ ಭಾರತದ ಮೊದಲ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಮುಂಬೈಯಲ್ಲಿ ಶುರುವಾಗಿ ಬೇರೆ ದೊಡ್ಡ ನಗರಗಳಿಗೂ ಹೋಯಿತು. ಇಟಲಿಯ ‘ಬೈಸಿಕಲ್ ಥೀವ್ಸ್’ ಅಲ್ಲಿ ಬಂತು, ಜಪಾನಿನ ‘ರಶೋಮನ್’ ಬಂತು. ಮರುವರ್ಷ ಬಿಮಲ್ ರಾಯ್ ‘ದೋ ಬೀಘಾ ಜಮೀನ್’ ತೆಗೆದರು. 1955ರಲ್ಲಿ ರೇ ಅವರ ‘ಪಥೇರ್ ಪಾಂಚಾಲಿ’ ಬಂತು. ಹೊರಗಿನದನ್ನು ಕಣ್ಣುಬಿಟ್ಟು ನೋಡಿದವರು ತಮ್ಮ ಮನೆಯ ಕಥೆಯನ್ನೇ ಹೇಳಿದರು. ಇದನ್ನು ಗಮನಿಸಿ.

ಆದರೆ ಇದೆಲ್ಲ ಎಲ್ಲಿ ನಡೀತು? ಮುಂಬೈ, ಕಲ್ಕತ್ತಾ, ಮದರಾಸು, ದೆಹಲಿ. ಓದಿದವರು, ಇಂಗ್ಲಿಷ್ ಬಲ್ಲವರು. ನಮ್ಮ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಅದೂ ನಗರವೇ. ಹಳ್ಳಿಯವನಿಗೆ ಟೂರಿಂಗ್ ಟಾಕೀಸ್ ಸಾಕು ಅನ್ನೋ ಕಾಲ ಅದು.

ಆಗ ಬರುತ್ತದೆ ನೋಡಿ ಹೆಗ್ಗೋಡು.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ಸುತ್ತ ಅಡಿಕೆ ತೋಟ, ವರ್ಷದಲ್ಲಿ ನಾಲ್ಕು ತಿಂಗಳು ಜಡಿಮಳೆ. ಅಲ್ಲಿ 1949ರಲ್ಲೇ ನೀನಾಸಂ, ಅಂದರೆ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಹುಟ್ಟಿತ್ತು. ಊರಿನವರೇ ಸೇರಿ ನಾಟಕ ಆಡುವ ಸಂಘ. ಅದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. ಅವರೂ ಅಡಿಕೆ ಬೆಳೆಗಾರರೇ. 1972ರಲ್ಲಿ ಆ ಹಳ್ಳಿಯಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದು ನಿಂತಿತು. ಮರುವರ್ಷ, 1973ರಲ್ಲಿ, ಸುಬ್ಬಣ್ಣ ಇನ್ನೊಂದು ಸಾಹಸಕ್ಕೆ ಕೈಹಾಕಿದರು. ನೀನಾಸಂ ಚಿತ್ರಸಮಾಜ! ಹಳ್ಳಿಯೊಂದರಲ್ಲಿ ಫಿಲ್ಮ್ ಸೊಸೈಟಿ!

ಈಗಿನ ಹುಡುಗರಿಗೆ ಇದರ ಕಷ್ಟ ಗೊತ್ತಾಗಲಿಕ್ಕಿಲ್ಲ. ಲಿಂಕ್ ಒತ್ತಿದರೆ ಸಿನಿಮಾ ಓಡುವ ಕಾಲ ಅಲ್ಲ ಅದು. ಸಿನಿಮಾ ಅಂದರೆ ಡಬ್ಬಿಯಲ್ಲಿರುವ ರೀಲು. ಅದು ಪುಣೆಯಿಂದಲೋ ಇನ್ನೆಲ್ಲಿಂದಲೋ ಬರಬೇಕು, ತೋರಿಸಿದ ಮೇಲೆ ಹುಷಾರಾಗಿ ವಾಪಸ್ ಹೋಗಬೇಕು. ಇಂಥ ಕಡೆಗೆ ಒದಗಿದ್ದು 16 ಎಂಎಂ ರೀಲು. ಥಿಯೇಟರಿನ 35 ಎಂಎಂಗಿಂತ ಹಗುರ, ಪ್ರೊಜೆಕ್ಟರನ್ನೂ ಹೊತ್ತು ಸಾಗಿಸಬಹುದು. ಕರೆಂಟು ಹೋದರೆ ಅಲ್ಲಿಗೆ ಮುಗೀತು. ಸಬ್‌ಟೈಟಲ್ ಇದ್ದರೆ ಅದೂ ಇಂಗ್ಲಿಷಿನಲ್ಲಿ.

ಈ ಕೆಲಸಕ್ಕೆ ಕೈಜೋಡಿಸಿದ ಇಬ್ಬರನ್ನು ನೆನೆಯಲೇಬೇಕು. ಒಬ್ಬರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು. ಸಿನಿಮಾ ಇರೋದು ಬೀರುವಿನಲ್ಲಿ ಬೀಗ ಹಾಕಿಡೋಕಲ್ಲ, ಜನಕ್ಕೆ ತೋರಿಸೋಕೆ ಅನ್ನೋದು ಅವರ ನಂಬಿಕೆ. ಇನ್ನೊಬ್ಬರು ಸತೀಶ್ ಬಹಾದ್ದೂರ್. ಆಗ್ರಾದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದು, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದು, ಸಿನಿಮಾ ನೋಡೋದು ಹೇಗೆ ಅನ್ನೋದನ್ನೇ ಪಾಠ ಮಾಡಿದವರು. ಪುಣೆಯ ಈ ದೊಡ್ಡ ಮೇಷ್ಟ್ರುಗಳು ಹೆಗ್ಗೋಡಿಗೆ ಬಂದರು. ಅಡಿಕೆ ಬೆಳೆಗಾರರು, ಶಾಲೆಯ ಮೇಷ್ಟ್ರು, ಹೆಣ್ಣುಮಕ್ಕಳು, ಕಾಲೇಜು ಹುಡುಗರು ಕೂತು ರೇ, ಕುರೊಸಾವಾ, ಡಿ ಸಿಕಾ ಅವರ ಸಿನಿಮಾ ನೋಡಿದರು. ಸಿನಿಮಾ ಮುಗಿದ ಮೇಲೆ ಕನ್ನಡದಲ್ಲಿ ಚರ್ಚೆ. ಸುಬ್ಬಣ್ಣ ಸಿನಿಮಾ ಬಗ್ಗೆ ಕನ್ನಡದಲ್ಲೇ ಬರೆದರು, ಪುಸ್ತಕ ಪ್ರಕಟಿಸಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಅನ್ನೋ ಯೋಜನೆಯಲ್ಲಿ ನಾಟಕದ ಜೊತೆಗೆ ಒಳ್ಳೆಯ ಸಿನಿಮಾವನ್ನೂ ಕರ್ನಾಟಕದ ಬೇರೆ ಬೇರೆ ಊರುಗಳಿಗೆ ಹೊತ್ತುಕೊಂಡು ಹೋದರು.

ಅರ್ಥ ಆಯ್ತಾ ಅವರಿಗೆ? ಆಗದೇ ಏನು!

‘ಬೈಸಿಕಲ್ ಥೀವ್ಸ್’ ಕಥೆ ಏನು ಹೇಳಿ. ಯುದ್ಧ ಮುಗಿದ ಮೇಲಿನ ರೋಮ್ ನಗರ. ಕೆಲಸ ಇಲ್ಲದವನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಆ ಕೆಲಸ. ಮನೆಯ ಹಾಸಿಗೆ ಬಟ್ಟೆ ಅಡವಿಟ್ಟು ಸೈಕಲ್ ಬಿಡಿಸಿಕೊಂಡು ಬರ್ತಾನೆ. ಮೊದಲ ದಿನವೇ ಅದು ಕಳುವಾಗುತ್ತದೆ. ಅಪ್ಪ, ಮಗ ಊರೆಲ್ಲ ಹುಡುಕುತ್ತಾರೆ. ಈ ಕಥೆ ತಿಳಿಯೋಕೆ ಇಟಾಲಿಯನ್ ಬರಬೇಕಾ? ಹೆಂಡತಿಯ ಓಲೆ ಅಡವಿಟ್ಟು ಗೊಬ್ಬರ ತಂದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಪಾತ್ರ ಮಾಡಿದವನೂ ನಟನಲ್ಲ, ಕಾರ್ಖಾನೆಯ ಕೆಲಸಗಾರ.

ಇನ್ನು ‘ರಶೋಮನ್’. ಕಾಡಿನಲ್ಲಿ ಒಂದು ಕೊಲೆ. ಡಕಾಯಿತ ಒಂದು ಹೇಳ್ತಾನೆ, ಸತ್ತವನ ಹೆಂಡತಿ ಇನ್ನೊಂದು, ಸತ್ತವನ ಆತ್ಮ ಮತ್ತೊಂದು, ಕಟ್ಟಿಗೆ ಕಡಿಯುವವನು ಮಗದೊಂದು. ಪಂಡಿತರು ಇದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆದರೆ ನಮ್ಮ ಮಲೆನಾಡಿನವರು ತಾಳಮದ್ದಲೆ ಕೇಳಿದವರು. ರಾತ್ರಿಯೆಲ್ಲ ಕೂತು ಕರ್ಣನ ವಾದವನ್ನೂ ಕೇಳ್ತಾರೆ, ಕೃಷ್ಣನ ವಾದವನ್ನೂ ಕೇಳ್ತಾರೆ, ಬೆಳಿಗ್ಗೆ ಮನೆಗೆ ಹೋಗುವಾಗ ಯಾರದು ಸರಿ ಅಂತ ತಾವೇ ಜಗಳ ಆಡ್ತಾರೆ. ಅವರಿಗೆ ರಶೋಮನ್ ಕಷ್ಟವಾ? ಕಷ್ಟ ಆಗಬೇಕಾದ್ದು ನನಗೆ! ಒಂದು ಘಟನೆಗೆ ಒಂದೇ ಸತ್ಯ, ಅದೂ ನನ್ನ ಚಾನೆಲಿನಲ್ಲೇ ಮೊದಲು ಅಂತ ಕೂಗುವವನು ನಾನು.

2012ರಲ್ಲಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು ನಾಯರ್ ಬಗ್ಗೆ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಕ್ಯಾಮೆರಾ ಹೆಗ್ಗೋಡಿಗೂ ಬರುತ್ತದೆ. ಅಲ್ಲಿನ ಜನ ದಶಕಗಳ ಹಿಂದೆ ನೋಡಿದ ಸಿನಿಮಾಗಳನ್ನು ನೆನೆಯುತ್ತಾರೆ. ನಾನು ಕಳೆದ ಗುರುವಾರ ಯಾವುದರ ಬಗ್ಗೆ ಒಂದು ಗಂಟೆ ಕಿರುಚಿದೆ ಅಂತ ಕೇಳಿ. ನನಗೇ ನೆನಪಿಲ್ಲ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ನಾಯರ್ 2016ರಲ್ಲಿ ಹೋದರು. ಅವರು ಸಾಬೀತು ಮಾಡಿ ಹೋದ ಸಂಗತಿ ಮಾತ್ರ ಉಳಿದಿದೆ. ‘ಜನಕ್ಕೆ ಅರ್ಥ ಆಗಲ್ಲ’ ಅನ್ನೋದು ಜನರ ಬಗ್ಗೆ ಹೇಳುವ ಮಾತೇ ಅಲ್ಲ. ತೋರಿಸುವ ಕಷ್ಟ ತಪ್ಪಿಸಿಕೊಳ್ಳೋಕೆ ನಮ್ಮಂಥವರು ಹುಡುಕಿಕೊಂಡ ನೆಪ. ರೀಲು ಹೊತ್ತು ತರಬೇಕು, ಮೊದಲು ತಾನು ನೋಡಿ ತಿಳಿಯಬೇಕು, ನಾಲ್ಕು ಮಾತು ಕನ್ನಡದಲ್ಲಿ ಹೇಳಬೇಕು, ಆಮೇಲೆ ಜನ ಬೈದರೂ ಕೂತು ಕೇಳಬೇಕು. ಈ ಶ್ರಮ ಯಾರಿಗೆ ಬೇಕು? ಅದಕ್ಕೇ ಜನರ ಮೇಲೆ ಹಾಕಿಬಿಡ್ತೀವಿ.

ಇವತ್ತು ರೀಲಿನ ಕಷ್ಟ ಇಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಗೋಡೆ ಇದೆ, ಕುರ್ಚಿ ಇದೆ. ಮೊಬೈಲಿನಲ್ಲಿ ಪ್ರಪಂಚದ ಸಿನಿಮಾ ಎಲ್ಲ ಇದೆ. ಆದರೆ ಒಬ್ಬೊಬ್ಬರೇ ಕೂತು, ಅರ್ಧ ನೋಡಿ, ಬೆರಳಿನಲ್ಲಿ ಸರಿಸಿಬಿಡ್ತೀವಿ. ಇಪ್ಪತ್ತು ಜನ ಒಂದೇ ಕತ್ತಲೆಯಲ್ಲಿ ಕೂತು ನೋಡಿ, ಆಮೇಲೆ “ಅಲ್ಲ ಕಣೋ, ಆ ಅಪ್ಪ ಮಾಡಿದ್ದು ತಪ್ಪು” ಅಂತ ಮಾತಾಡೋದು ಇದೆಯಲ್ಲ, ಅದನ್ನು ಯಾವ ಆ್ಯಪೂ ಕೊಡಲ್ಲ. ಗ್ರಂಥಾಲಯ ಕೊಡಬಹುದು.

ಮರುದಿನ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. “ಸಿನಿಮಾದವರ ಅನುಮತಿ ಬೇಕಾದಲ್ಲಿ ಕೇಳಿ ತಗೊಳ್ಳಿ. ಮೊದಲು ‘ಬೈಸಿಕಲ್ ಥೀವ್ಸ್’ ಹಾಕಿ. ಶುರುವಿಗೆ ಮುಂಚೆ ಕಥೆಯನ್ನು ಐದು ನಿಮಿಷ ಕನ್ನಡದಲ್ಲಿ ಹೇಳಿ. ಮುಗಿದ ಮೇಲೆ ಲೈಟ್ ಹಾಕಿ, ಆದರೆ ಬಾಗಿಲು ತೆಗೀಬೇಡಿ, ಮಾತಾಡಿಸಿ” ಅಂದೆ.

“ಆ ದೊಡ್ಡೋರು ಏನಾದ್ರೂ ಅಂದ್ರೆ ಸಾರ್?”

“ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಪ್ಪ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಟ್ಟಿರು, ನಾನೂ ಬರ್ತೀನಿ.”